ಕಾಯಿನೀರು: ನಂಬುವ ಮೊದಲು ಒರೆಗೆ ಹಚ್ಚಬೇಕು

ಮಲೆನಾಡಿನ ಮನೆಗಳಲ್ಲಿ ತೆಂಗಿನಕಾಯಿ ಒಡೆಯದ ದಿನವಿಲ್ಲ. ಕಾಯಿ ತುರಿಮಣೆಗೆ ಹೋಗುತ್ತದೆ. ನೀರು ಮಕ್ಕಳ ಲೋಟಕ್ಕೆ, ಇಲ್ಲವೇ ಬಚ್ಚಲಿಗೆ. ಈ ನೀರನ್ನು ತರಕಾರಿ ಗಿಡಗಳಿಗೆ ಉಣಿಸಿದರೆ ಅವು ಹುಲುಸಾಗಿ ಬೆಳೆಯುತ್ತವೆಂಬ ಮಾತು ಕೃಷಿಕರಲ್ಲಿ ಹಬ್ಬಿದೆ. ಪಂಚಗವ್ಯಕ್ಕೆ ಎಳನೀರು ಬೆರೆಸುವ ರೂಢಿಯೂ ಇದೆ. ಇನ್ನೊಂದೆಡೆ, ಬೆಳವಣಿಗೆ ವರ್ಧಕಗಳೆಂಬ ಬಾಟಲಿಗಳು ಪೇಟೆಯಿಂದ ಹಳ್ಳಿಗೆ ಬರುತ್ತಲೇ ಇವೆ. ಬಾಟಲಿಯನ್ನು ಕಣ್ಣುಮುಚ್ಚಿ ನಂಬುವುದು ತಪ್ಪಾದರೆ, ಕಾಯಿನೀರನ್ನು ಹಾಗೆ ನಂಬುವುದೂ ತಪ್ಪೇ.

ಈ ನಂಬಿಕೆಗೆ ಆಧಾರ ಇಲ್ಲದಿಲ್ಲ. 1941ರಲ್ಲಿ ಯೊಹಾನೆಸ್ ವಾನ್ ಓವರ್‌ಬೀಕ್ ಮತ್ತು ಸಂಗಡಿಗರು ದತ್ತೂರ ಗಿಡದ ಎಳೆಯ ಭ್ರೂಣಗಳನ್ನು ತೆಂಗಿನ ನೀರು ಬೆರೆಸಿದ ಪೋಷಕ ದ್ರವದಲ್ಲಿ ಬೆಳೆಸಿದರು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಎಫ್. ಸಿ. ಸ್ಟೀವರ್ಡ್, ಇದೇ ನೀರಿನ ನೆರವಿನಿಂದ ಕ್ಯಾರೆಟ್ಟಿನ ಜೀವಕೋಶಗಳಿಂದ ಇಡೀ ಗಿಡವನ್ನೇ ಪಡೆದುದನ್ನು 1958ರಲ್ಲಿ ಪ್ರಕಟಿಸಿದರು. ಕೋಶವಿಭಜನೆಯನ್ನು ಪ್ರಚೋದಿಸುವ ಸೈಟೊಕೈನಿನ್ ಎಂಬ ಚೋದಕಗಳು, ಸಕ್ಕರೆ, ಅಮೈನೋ ಆಮ್ಲಗಳು ಹಾಗೂ ಹೇರಳವಾದ ಪೊಟ್ಯಾಷ್ ಈ ನೀರಿನಲ್ಲಿವೆ.

ಆದರೆ ಅದು ಸೂಕ್ಷ್ಮಜೀವಿಗಳಿಲ್ಲದ ಗಾಜಿನ ಪಾತ್ರೆಯ ಕಥೆ. ಹಿತ್ತಲಿನ ಮಣ್ಣಿನಲ್ಲಿ ಅಸಂಖ್ಯ ಸೂಕ್ಷ್ಮಜೀವಿಗಳು ಈ ಸಕ್ಕರೆಗೆ ಮುಗಿಬೀಳುತ್ತವೆ. ಸೈಟೊಕೈನಿನ್ ಹೆಚ್ಚಾದರೆ ಬೇರಿನ ಬೆಳವಣಿಗೆ ಕುಂಠಿತವಾಗುವುದೂ ಉಂಟು. ಇನ್ನು ಗಿಡ ಸೊಂಪಾಗಿ ಚಿಗುರಿತೆನ್ನೋಣ. ಅದು ಚೋದಕದ ಫಲವೋ, ಪೊಟ್ಯಾಷಿನ ಫಲವೋ, ತಪ್ಪದೆ ಆರೈಕೆ ಮಾಡಿದ ಕೈಯ ಗುಣವೋ ತಿಳಿಯುವುದು ಹೇಗೆ?

ಪರೀಕ್ಷಿಸುವುದೊಂದೇ ದಾರಿ, ಅದಕ್ಕೆ ಪ್ರಯೋಗಾಲಯ ಬೇಕಿಲ್ಲ. ಮಳೆಗಾಲದಲ್ಲಿ ಹಾಕಿದ್ದೆಲ್ಲ ಕೊಚ್ಚಿಹೋಗುವುದರಿಂದ, ಮಳೆ ನಿಂತ ಮೇಲೆ ಒಂದೇ ತಳಿಯ, ಒಂದೇ ವಯಸ್ಸಿನ 30 ಬದನೆ ಸಸಿಗಳನ್ನು ನೆಡಬೇಕು. 10ಕ್ಕೆ ಬರಿಯ ನೀರು, 10ಕ್ಕೆ ಹತ್ತು ಪಾಲು ನೀರು ಬೆರೆಸಿದ ಒಂದು ಪಾಲು ಕಾಯಿನೀರು, ಉಳಿದ 10ಕ್ಕೆ ಒಲೆಯ ಬೂದಿ ನೆನೆಸಿ ಸೋಸಿ ತೆಳುವಾಗಿಸಿದ ತಿಳಿ. ಬೂದಿಯಲ್ಲೂ ಪೊಟ್ಯಾಷ್ ಇದೆ. ಅದೇ ಸಾಕಾದರೆ ಕಾಯಿನೀರಿನ ಗೊಡವೆಯೇ ಬೇಡ. ಯಾವ ಗಿಡಕ್ಕೆ ಯಾವುದೆಂದು ಚೀಟಿ ಎತ್ತಿ ನಿರ್ಧರಿಸಬೇಕು. ಇಲ್ಲವಾದರೆ ಬಿಸಿಲಿನ ಸಾಲು ಗೆದ್ದು ನೆರಳಿನ ಸಾಲು ಸೋಲುತ್ತದೆ. ವಾರಕ್ಕೊಮ್ಮೆ ಎಲ್ಲಕ್ಕೂ ಸಮ ಅಳತೆಯಲ್ಲಿ ಬುಡಕ್ಕೆ ಹೊಯ್ಯಬೇಕು. ಕಾಯಿನೀರು ಬೇಗ ಹುಳಿಯುವುದರಿಂದ ಒಡೆದ ದಿನವೇ ಬಳಸಬೇಕು. ಬಲಿತ ಕಾಯಿಯದನ್ನೇ ಆರಿಸಿಕೊಂಡರೆ ಕೊನೆಯವರೆಗೂ ಅದನ್ನೇ ಹಾಕಬೇಕು. ಎಳನೀರಿನ ಗುಣವೇ ಬೇರೆ. ಮೊದಲ ಹೂವಿನ ದಿನ, ಕಾಯಿಗಳ ಸಂಖ್ಯೆ, ತೂಕ ಇವು ಪುಸ್ತಕದಲ್ಲಿ ದಾಖಲಾಗಬೇಕು. ತೂಗುವವರಿಗೆ ಯಾವ ಗಿಡಕ್ಕೆ ಏನು ಹಾಕಿದೆಯೆಂದು ತಿಳಿಯದಿದ್ದರೆ ಇನ್ನೂ ಒಳಿತು. ಶಾಲಾ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ವಿಜ್ಞಾನ ಪಾಠವಿಲ್ಲ.

ಬರಿಯ ನೀರಿನ ಗಿಡಗಳಿಲ್ಲದ ಪ್ರಯೋಗ ಪ್ರಯೋಗವೇ ಅಲ್ಲ. ಸಹಜ ಕೃಷಿಯ ಪರವಾಗಿ ಮಾತನಾಡುವವರು ಗೆದ್ದ ಕಥೆಗಳನ್ನಷ್ಟೇ ಹಂಚಿಕೊಳ್ಳುವ ಚಟ ಬಿಡಬೇಕು. ಹತ್ತು ಮನೆಗಳ ಹಿತ್ತಲಿನಲ್ಲಿ ವ್ಯತ್ಯಾಸ ಕಾಣದಿದ್ದರೆ ಅದನ್ನೂ ಹತ್ತು ಮಂದಿಗೆ ಹೇಳಬೇಕು. ಇಲ್ಲವಾದರೆ ನಾಳೆ ಇದೇ ಕಾಯಿನೀರು ಬಣ್ಣದ ಚೀಟಿ ಹೊತ್ತ ಬಾಟಲಿಯಲ್ಲಿ ಹಳ್ಳಿಗೇ ಮಾರಾಟಕ್ಕೆ ಬಂದೀತು. ಪರೀಕ್ಷೆಯಲ್ಲಿ ಗೆದ್ದರೆ ಅದು ಗಿಡಕ್ಕೆ ಸಲ್ಲಲಿ. ಸೋತರೆ ಮೊದಲಿನಂತೆ ಮಕ್ಕಳ ಲೋಟಕ್ಕೇ ಹೋಗಲಿ. ಎರಡರಲ್ಲೂ ನಷ್ಟವೇನಿಲ್ಲ.