ಹಲಗೆಯೊಳಗಿನ ಮರ

ಅಮೆರಿಕೆಯಲ್ಲಿ ಮಕ್ಕಳು ನೆಲೆಸಿರುವ ಹಿರಿಯರಿಗೆ ಅಲ್ಲಿಯ ಮನೆಗಳ ಹಿಂಬದಿಯ ಹಲಗೆಯ ಜಗಲಿ ಪರಿಚಿತವಾದುದು. ಅದಕ್ಕೆ ಡೆಕ್ ಎಂದು ಹೆಸರು. ನಮ್ಮ ಜಗಲಿಯಂತೆ ಅದು ಕಲ್ಲುಮಣ್ಣಿನದಲ್ಲ. ನೆಲದಿಂದ ಮೇಲೆತ್ತಿದ ತೊಲೆಗಳ ಮೇಲೆ ಹಲಗೆ ಹಾಸಿ ಕಟ್ಟಿದುದು. ವೃದ್ಧರೂ ಮಕ್ಕಳೂ ಕೂಡುವ ಸ್ಥಳವಾದುದರಿಂದ ಆ ಹಲಗೆಗಳ ಗುಣದೋಷವನ್ನು ಗೃಹಸ್ಥರು ಅರಿತಿರುವುದು ಅವಶ್ಯ.

ಹಿಂದೆ ಅಲ್ಲಿ ಆರ್ಸೆನಿಕ್ ಬೆರೆತ ರಾಸಾಯನಿಕವನ್ನು ಊಡಿದ ಮರವೇ ಹೆಚ್ಚು ಬಳಕೆಯಲ್ಲಿತ್ತು. ಮನೆಬಳಕೆಗೆ ಅಂತಹ ಮರದ ತಯಾರಿಕೆ 2003ರ ಕೊನೆಗೆ ನಿಂತಿತು. ಮರದ ಪುಡಿಯನ್ನೂ ಪ್ಲಾಸ್ಟಿಕನ್ನೂ ಬೆರೆಸಿ ಕಾಯಿಸಿ ಅಚ್ಚಿನಿಂದ ತೆಗೆದ ಮಿಶ್ರ ಹಲಗೆಗಳು ಅಷ್ಟರಲ್ಲಿಯೇ ಮಾರುಕಟ್ಟೆಗೆ ಬಂದಿದ್ದವು. ಬಣ್ಣ ಬೇಡ, ಎಣ್ಣೆ ಬೇಡ, ಕೊಳೆಯುವ ಭಯವಿಲ್ಲ ಎಂಬ ಭರವಸೆಯನ್ನು ನಂಬಿ ಅನೇಕರು ಅವನ್ನು ಕೊಂಡರು.

ಆದರೆ ಈ ಹಲಗೆಯಲ್ಲಿ ಹೆಚ್ಚುಕಡಿಮೆ ಅರ್ಧಪಾಲು ಮರವೇ ಇರುತ್ತದೆ. ಮೇಲ್ಮೈಯ ಮರದ ಕಣಗಳು ತೇವವನ್ನು ಹೀರಿ ಉಬ್ಬುತ್ತವೆ, ಬೂಷ್ಟಿಗೆ ಆಹಾರವಾಗುತ್ತವೆ. ಮಿಶ್ರಣ ಕೆಟ್ಟಿದ್ದರೆ ಹಲಗೆ ಸಿಪ್ಪೆಯಂತೆ ಏಳುತ್ತದೆ, ಒಳಗೊಳಗೇ ಶಿಥಿಲವಾಗುತ್ತದೆ. ಲೂಸಿಯಾನಾ-ಪೆಸಿಫಿಕ್ ಸಂಸ್ಥೆಯ ಕೆಲವು ಹಲಗೆಗಳು ಅವಧಿಗೆ ಮುನ್ನವೇ ಜೀರ್ಣವಾಗಿ ಮುರಿದು ಜನರಿಗೆ ಪೆಟ್ಟಾದುದರಿಂದ 2009ರಲ್ಲಿ ಅವನ್ನು ಹಿಂದಕ್ಕೆ ಪಡೆಯಬೇಕಾಯಿತು. ಬೂಷ್ಟಿನ ದೂರಿನ ಮೇಲೆ ಟ್ರೆಕ್ಸ್ ಸಂಸ್ಥೆಯ ವಿರುದ್ಧ ಗ್ರಾಹಕರು ಹೂಡಿದ ಸಾಮೂಹಿಕ ದಾವೆ 2013ರಲ್ಲಿ ರಾಜಿಯಾಯಿತು. ಈಚಿನ ಹಲಗೆಗಳಿಗೆ ಪ್ಲಾಸ್ಟಿಕ್ ಹೊದಿಕೆಯಿದ್ದು ಅವು ಹಿಂದಿನವುಗಳಿಗಿಂತ ಉತ್ತಮವಾಗಿವೆ. ಆದರೂ ಕೊಯ್ದ ತುದಿಯಲ್ಲಿ ಒಳಗಿನ ಮಿಶ್ರಣ ತೆರೆದೇ ಇರುತ್ತದೆ.

ಎಲ್ಲ ದೋಷವೂ ಕಾರ್ಖಾನೆಯದೆಂದು ಹೇಳಲಾಗದು. ಬಿಸಿಲಿಗೆ ಹಲಗೆ ಹಿಗ್ಗುವುದರಿಂದ ತುದಿಗಳ ನಡುವೆ ಸಂದು ಬಿಡಬೇಕು. ತೊಲೆಗಳ ನಡುವಿನ ಅಂತರ ಸಾಮಾನ್ಯವಾಗಿ 16 ಅಂಗುಲ ಮೀರಬಾರದು. ಅಡಿಯಲ್ಲಿ ಗಾಳಿಯಾಡಬೇಕು. ಸಂದುಗಳಲ್ಲಿ ತರಗೆಲೆ ಕೊಳೆಯಲು ಬಿಡಬಾರದು. ಕಟ್ಟುವವನು ಇವನ್ನು ಕಡೆಗಣಿಸಿದರೆ ತಯಾರಕರು ಪರಿಹಾರವನ್ನು ನಿರಾಕರಿಸಲು ಅವಕಾಶವಾಗುತ್ತದೆ.

ಆದುದರಿಂದ ರಸೀದಿಯನ್ನೂ ವಾರಂಟಿ ಪತ್ರವನ್ನೂ ಜೋಪಾನವಾಗಿಡಬೇಕು. ಅನೇಕ ವಾರಂಟಿಗಳು ಬದಲಿ ಹಲಗೆಯನ್ನಷ್ಟೇ ಕೊಡುತ್ತವೆ. ಹಳೆಯದನ್ನು ಕಿತ್ತು ಹೊಸದನ್ನು ಕೂರಿಸುವ ಕೂಲಿ ಮನೆಯವರದೇ. ಇದನ್ನು ಕೊಳ್ಳುವ ಮುನ್ನವೇ ಓದಿಕೊಳ್ಳುವುದು ವಿವೇಕ. ದೋಷ ಕಂಡ ಕೂಡಲೇ ಛಾಯಾಚಿತ್ರ ತೆಗೆದು ಲಿಖಿತವಾಗಿ ತಿಳಿಸಬೇಕು.

ನಮ್ಮಲ್ಲಿಯೂ ಇಂದು ಇಂತಹ ಹಲಗೆಗಳು ಬಾಲ್ಕನಿ, ತಾರಸಿಗಳಿಗೆ ಬರುತ್ತಿವೆ. ಕಾಲಿಟ್ಟಾಗ ಹಲಗೆ ಮೆತ್ತಗೆ ಕುಸಿದಂತಾದರೆ, ಪತ್ರವ್ಯವಹಾರ ಮುಗಿಯುವವರೆಗೆ ಕಾಯದೆ ಮೊದಲು ಮಕ್ಕಳನ್ನೂ ಹಿರಿಯರನ್ನೂ ಅಲ್ಲಿಂದ ದೂರವಿರಿಸಿರಿ.