‘ಯಾರ ಮುಟ್ಟೀರಿ?’ ಅಂತ ಕೇಳಬ್ಯಾಡ್ರಿ

ದಸರಾ ಮುಂದ ಒಂದಿನ ಸಂಜಿಗೆ ಆಫೀಸಿಂದ ಬಂದ ಇನ್ನೂ ಚಪ್ಪಲಿ ಬಿಟ್ಟಿದ್ದಿಲ್ಲಾ, ಮಗಾ ‘ಪಪ್ಪಾ, ನೆಟ್ ಹೋಗೇದ’ ಅಂದಾ. ನಾ ಕೈಕಾಲ ತೊಳಕೊಳ್ಳಲಿಲ್ಲಾ, ನೀರ ಕುಡೀಲಿಲ್ಲಾ, ನಡುಮನ್ಯಾಗ ನಿಂತ ಒದರಿದೆ:

‘ರೌಟರ್ ಯಾರ ಮುಟ್ಟೀರಿ?’

ಎಲ್ಲಾರೂ ಗಪ್ ಚಿಪ್. ಆಮ್ಯಾಲೆ ಮಗಾ ‘ನಾ ಅಲ್ಲಾ’ ಅಂದಾ. ನನ್ನ ಹೆಂಡ್ತಿ ‘ನನಗ ಅದನ್ನ ಮುಟ್ಟಲಿಕ್ಕೆ ಪುರಸೊತ್ತರ ಎಲ್ಲೆದರೀ’ ಅಂದ್ಲು. ಬತ್ತಿ ಹೊಸ್ಕೋತ ಕೂತ ನಮ್ಮವ್ವ ತಲಿ ಎತ್ತಲಿಲ್ಲಾ.

ಇವತ್ತ ನಾ ಹೇಳೋದ ಇಷ್ಟ. ನೆಟ್ ಬಂದ್ ಆದಾಗ ಮನ್ಯಾಗ ಕೇಳಬಾರದ ಪ್ರಶ್ನೆ ಒಂದ ಇದ್ರ ಅದು ಇದ.

ಮೊದಲ ನಾ ಏನ ಮಾಡಿದೆ ಅದನ್ನ ಹೇಳ್ತೇನಿ. ಸ್ವಿಚ್ ಆರಿಸಿ, ಅರ್ಧ ನಿಮಿಷ ಬಿಟ್ಟ, ಮತ್ತ ಹಚ್ಚಿದೆ. ಇದೇನ ತಪ್ಪಲ್ಲಾ. ರೌಟರ್ ಅಂದ್ರ ಒಂದ ಸಣ್ಣ ಕಂಪ್ಯೂಟರ್ ಇದ್ದಂಗ, ಎಷ್ಟೋ ಸಲ ಅಷ್ಟಕ್ಕ ನೆಟ್ಟಗಾಗತದ. ಆಗಲಿಲ್ಲಾ. ಹೆಂಡ್ತಿ ಸೇಫ್ಟಿ ಪಿನ್ ಇಸ್ಕೊಂಡ ಹಿಂದಿನ ತೂತಿನಾಗ ಚುಚ್ಚಿ ಹತ್ತ ಎಣಿಸೋತನಕಾ ಒತ್ತಿ ಹಿಡದೆ. ಅದು ರೀಸೆಟ್. ಕಂಪನಿಯವರು ತುಂಬಿಟ್ಟಿದ್ದ ಯೂಸರ್ ನೇಮ್, ಪಾಸ್‌ವರ್ಡ್, ವೈಫೈ ಹೆಸರು ಎಲ್ಲಾ ಅಳಿಸಿ ಹೋತು. ಎಲ್‌ಓಎಸ್ ಅಂತ ಬರದಿದ್ದ ಕೆಂಪ ದೀಪ ಮಾತ್ರ ಮೊದಲಿನಿಂದ ಕಣ್ಣ ಹೊಡಕೋತನ ಇತ್ತು, ನಾ ಅದನ್ನ ನೋಡೇ ಇದ್ದಿಲ್ಲಾ. ಫೈಬರ್ ವೈರಿನಾಗ ಇರೋದು ಕೂದಲಂಥಾ ಗಾಜಿನ ಎಳಿ. ಅದರಾಗ ಹರಿಯೋದು ಕರೆಂಟ್ ಅಲ್ಲಾ, ಬೆಳಕು. ಆ ಬೆಳಕು ಪೆಟ್ಟಿಗಿ ತನಕಾ ಮುಟ್ಟವಲ್ದು ಅಂತ ಹೇಳೋದು ಆ ಕೆಂಪ ದೀಪ.

ಎರಡ ದಿವಸ ನೆಟ್ ಇಲ್ಲಾ. ನಮ್ಮ ಮೂರೂ ಮಂದಿ ಫೋನಿನಾಗ ಡೇಟಾ ಇತ್ತು, ನಡೀತು. ಅವ್ವನ ಟ್ಯಾಬಿಗೆ ಸಿಮ್ ಇಲ್ಲಾ. ದಿನಾ ರಾತ್ರಿ ಎಂಟಕ್ಕ ಪುಣೆದಾಗಿರೋ ಮಮ್ಮಗಳ ಮಾರಿ ನೋಡಾಕಿ, ಎರಡ ದಿವಸ ನೋಡಲಿಲ್ಲಾ. ಆದ್ರೂ ಒಂದ ಮಾತ ಆಡಲಿಲ್ಲಾ.

ಮೂರನೇ ದಿವಸ ಲೈನಿನ ಹುಡುಗ ಬಂದಾ. ‘ಯಾರ ಮುಟ್ಟೀರಿ’ ಅಂತ ಅವಾ ಕೇಳಲಿಲ್ಲಾ. ‘ನೆಟ್ ಹೋಗೋಕಿಂತ ಮೊದಲ ಮನ್ಯಾಗ ಏನರ ಸರಿಸಿದ್ರೇನ್ರಿ?’ ಅಂತ ಕೇಳಿದಾ. ಅಷ್ಟಕ್ಕ ಅವ್ವ ಬಾಯಿಬಿಟ್ಲು.

‘ಹಬ್ಬ ಬಂತಲ್ಲಪಾ, ಟ್ರೆಜರಿ ಹಿಂದ ಧೂಳ ಭಾಳ ಆಗಿತ್ತು. ಒಂಚೂರ ಸರಿಸಿದ್ದೆ. ಸವಕಾಶ ಜಗ್ಗಪಾ, ನನ್ನ ಕಾಲ ಹೆಬ್ಬಟ್ಟು ಅದರ ಕೆಳಗ ಸಿಕ್ಕಿತ್ತು.’

ಟ್ರೆಜರಿ ಹಿಂದ ಹಳದಿ ವೈರ್ ಗ್ವಾಡಿಗೆ ಒತ್ತಿ ಮಡಚಿಕೊಂಡಿತ್ತು. ಹೊಸಾ ವೈರ್ ಹಾಕಿದಾ, ಹತ್ತ ನಿಮಿಷದಾಗ ಕೆಂಪ ಹೋಗಿ ಹಸರ ದೀಪ ಬಂತು. ನಾ ಅಳಿಸಿದ್ದನ್ನ ಮತ್ತ ತುಂಬಲಿಕ್ಕೆ ಅರ್ಧಾ ತಾಸ ಹಿಡೀತು.

ನಾ ಅವ್ವನ ಕಾಲ ನೋಡ್ಲಿಕತ್ತಿದ್ದೆ. ಹೆಬ್ಬಟ್ಟಿಗೆ ಅರಿಷಿಣಾ ಮೆತ್ತಿ ಹಳೇ ಧೋತರದ ಚಿಂದಿ ಸುತ್ತಿದ್ಲು, ಸೀರಿ ನೆರಗಿ ಇಳಿಬಿಟ್ಟ ಮುಚ್ಚಿದ್ಲು. ಅಕಿಗೆ ಹನ್ನೆರಡ ವರ್ಷದಿಂದ ಸಕ್ಕರಿ ಬ್ಯಾನಿ. ಸಕ್ಕರಿ ಇದ್ದವರಿಗೆ ಕಾಲಿನ ಗಾಯದ ನೋವು ಸರಿಯಾಗಿ ಗೊತ್ತಾಗಂಗಿಲ್ಲಾ, ಲಗೂ ಮಾಯಂಗಿಲ್ಲಾ. ಡಾಕ್ಟರು ಕೀವ ತಗದ ‘ಇನ್ನೊಂದ ವಾರಾ ಬಿಟ್ಟಿದ್ರ ಬೆರಳ ಉಳಿಸೋದ ಕಷ್ಟ ಇತ್ತು’ ಅಂದ್ರು.

‘ಯಾಕ ಹೇಳಲಿಲ್ಲವ್ವಾ?’

‘ಬೆರಳ ತೋರಿಸಿದ್ರ ಟ್ರೆಜರಿ ಸರಿಸಿದ್ದನೂ ಹೇಳಬೇಕಾಗತಿತ್ತಲ್ಲಪಾ.’

‘ಜಬರದಸ್ತ್ ಮಾಡದಿದ್ರ ಮನ್ಯಾಗ ಎಲ್ಲಾರೂ ಎಲ್ಲಾದಕ್ಕೂ ಕೈ ಹಾಕ್ತಾರ’ ಅಂತ ನಮ್ಮ ದೋಸ್ತ ಒಬ್ಬಾ ವಾದಾ ಮಾಡಿದಾ. ಹಾಕಲಿ. ರೌಟರ್ ಇರೋದು ಕಸಬರಗಿ ಆಡೋ ಮನ್ಯಾಗ. ಕೈ ಹಾಕೋದು ತಪ್ಪಲ್ಲಾ, ಹಾಕಿದ್ದನ್ನ ಹೇಳಲಿಕ್ಕೆ ಅಂಜೋದು ತಪ್ಪು. ಆ ಅಂಜಿಕಿ ತಂದವಾ ನಾನ. ಯಾವ ಮಶೀನ್ ಕೆಟ್ರೂ ಮೊದಲ ಬೇಕಾಗೋದು ‘ಕೆಡೋಕಿಂತ ಮೊದಲ ಏನಾತು’ ಅನ್ನೋ ಸುದ್ದಿ. ಒದರಿದ ಮನ್ಯಾಗ ಆ ಸುದ್ದಿ ಹೊರಗ ಬರಂಗಿಲ್ಲಾ.

ಈಗ ರೌಟರ್ ಮ್ಯಾಲೆ ಗ್ವಾಡಿಗೆ ಒಂದ ಹಾಳಿ ಅಂಟಿಸೇನಿ, ಅವ್ವ ಓದೋ ಅಷ್ಟ ದಪ್ಪ ಅಕ್ಷರದಾಗ. ಒಂದ ದೀಪನೂ ಹತ್ತಿಲ್ಲಾ ಅಂದ್ರ ಸ್ವಿಚ್ಚು, ಅಡಾಪ್ಟರ್ ನೋಡ್ರಿ. ಎಷ್ಟೋ ಸಲ ಸಾಯೋದು ರೌಟರ್ ಅಲ್ಲಾ, ಅಡಾಪ್ಟರ್. ಹೊಸಾದು ತರೋದಾದ್ರ ಹಳೇದರ ಮ್ಯಾಲೆ ಬರದಷ್ಟ ವೋಲ್ಟಿಂದನ ಬೇಕು. ಕೆಂಪ ದೀಪ ಇದ್ರ ಹಳದಿ ವೈರ್ ಎಲ್ಲೆರ ಮಡಚೇದೇನ ನೋಡ್ರಿ. ಅದರ ತುದಿ ಕಿತ್ತ ಕಣ್ಣ ಹತ್ರ ಹಿಡೀಬ್ಯಾಡ್ರಿ, ಅದರಾಗಿನ ಬೆಳಕು ಕಾಣಂಗಿಲ್ಲಾ, ಆದ್ರ ಕಣ್ಣಿಗೆ ಕೆಟ್ಟದ್ದು. ಎಲ್ಲಾ ದೀಪ ಹಸರ ಇದ್ದು ಒಂದ ಫೋನಿಗಷ್ಟ ನೆಟ್ ಇಲ್ಲಂದ್ರ ರೌಟರ್ ಬಿಡ್ರಿ, ಫೋನ್ ನೋಡ್ರಿ. ಪಿನ್ ಯಾರೂ ಚುಚ್ಚಬ್ಯಾಡ್ರಿ. ಯೂಸರ್ ನೇಮ್, ಪಾಸ್‌ವರ್ಡ್ ಎರಡೂ ಗ್ಯಾಸಿನ ಪುಸ್ತಕದ ಹಿಂದ ಬರದಿಟ್ಟೇನಿ.

ಹೋದ ವಾರ ನಾ ಆಫೀಸಿನಾಗಿದ್ದಾಗ ಅವ್ವನ ಫೋನ್ ಬಂತು. ‘ಕೆಂಪ ದೀಪ ಹತ್ತೇದ. ನಾ ಏನೂ ಸರಿಸಿಲ್ಲಾ, ಹಳದಿ ವೈರ್ ನೆಟ್ಟಗದ. ಹೊರಗ ಗಟಾರ ಅಗೀಲಿಕತ್ತಾರ, ಅಲ್ಲೇ ಕಡದಿರಬೇಕು. ಕಂಪ್ಲೇಂಟ್ ಮಾಡು.’

ಮಾಡ್ತೇನಿ ಅಂದೆ.

‘ಹಾಂ, ಮತ್ತ ನೀ ಬಂದ ಪಿನ್ ಚುಚ್ಚಬ್ಯಾಡ’ ಅಂದ ಫೋನ್ ಇಟ್ಲು.