ಕಾಯಕದ ಹೆಸರಿನಲ್ಲಿ ಜೀತ ಬೇಡ



ಕಾಯಕವನ್ನು ಕೈಲಾಸಕ್ಕೆ ಸಮಗೊಳಿಸಿದ ಆ ಎರಡು ಪದಗಳ ಮಾತು ಇಂದು ಎಲ್ಲೆಲ್ಲಿ ಕಾಣಿಸುತ್ತದೆ ನೋಡಿ. ಸರ್ಕಾರಿ ಕಚೇರಿಯ ಗೋಡೆಯ ಮೇಲಿದೆ, ಶಾಲೆಯ ಕಮಾನಿನ ಮೇಲಿದೆ, ಕಾರ್ಖಾನೆಯ ಬಾಗಿಲಲ್ಲಿದೆ. ಶರಣರ ಮಾತು ಇಷ್ಟು ದೂರ ಮುಟ್ಟಿತಲ್ಲ ಎಂದು ನಾವು ಹೆಮ್ಮೆಪಡುತ್ತೇವೆ. ನನ್ನಲ್ಲಿ ಆ ಹೆಮ್ಮೆ ಈಗ ಉಳಿದಿಲ್ಲ. ಆ ಮಾತನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ? ದುಡಿಸಿಕೊಳ್ಳುವವನು ದುಡಿಯುವವನಿಗೆ ಹೇಳುತ್ತಿದ್ದಾನೆ. ರಜೆ ಕೇಳಬೇಡ, ಹೆಚ್ಚಿನ ಕೂಲಿ ಕೇಳಬೇಡ, ದಣಿದೆ ಎನ್ನಬೇಡ ಎಂಬ ಆಜ್ಞೆಗೆ ಶರಣರ ಮುದ್ರೆ ಒತ್ತಲಾಗುತ್ತಿದೆ.

ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವವನು. ಬೆಲೆ, ಬೇಡಿಕೆ, ಲಾಭದ ಲೆಕ್ಕ ನನಗೆ ಹೊಸದಲ್ಲ. ಆ ಲೆಕ್ಕದ ಮೇಲೆ ನನಗೆ ದ್ವೇಷವೂ ಇಲ್ಲ. ಜೋಳಕ್ಕೆ, ಹತ್ತಿಗೆ, ಬಟ್ಟೆಗೆ ಅದು ಬೇಕು. ಆದರೆ ಅಂಗಡಿಯಲ್ಲಿ ಇರಬೇಕಾದ ತಕ್ಕಡಿ ಮನೆಯೊಳಗೆ ಬಂದಿದೆ. ಮಗುವಿನ ಅಂಕಪಟ್ಟಿ, ವಧೂವರರ ಮಾತುಕತೆ, ಅಣ್ಣತಮ್ಮಂದಿರ ಪಂಕ್ತಿ, ಎಲ್ಲವನ್ನೂ ಅದೇ ತಕ್ಕಡಿಯಲ್ಲಿ ತೂಗುತ್ತಿದ್ದೇವೆ. ಎಷ್ಟು ಗಳಿಸಿದೆಯೋ ಅಷ್ಟೇ ನಿನ್ನ ಯೋಗ್ಯತೆ ಎಂಬ ಈ ಒಂದು ನಂಬಿಕೆ ಮನೆಮನೆಯ ನಿದ್ದೆ ಕೆಡಿಸಿದೆ. ಅದಕ್ಕೆ ಕಾಯಕವೆಂಬ ಹೆಸರು ಇಡಲು ನಾವು ಬಿಡಕೂಡದು. ನನ್ನ ತಕರಾರು ಇಷ್ಟೇ.

2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸಂಸ್ಥಾಪಕರಲ್ಲಿ ಒಬ್ಬರಾದ ಎನ್.ಆರ್. ನಾರಾಯಣ ಮೂರ್ತಿಯವರು ದೇಶದ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2024ರ ಜುಲೈಯಲ್ಲಿ ನಮ್ಮ ರಾಜ್ಯದಲ್ಲೇ ಐಟಿ ನೌಕರರ ದಿನದ ದುಡಿಮೆಯನ್ನು 14 ಗಂಟೆಯವರೆಗೆ ಹಿಗ್ಗಿಸುವ ಪ್ರಸ್ತಾವ ಚರ್ಚೆಗೆ ಬಂತು. ನೌಕರರ ಸಂಘದವರು ಬಲವಾಗಿ ವಿರೋಧಿಸಿದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅವರ 90 ಗಂಟೆಯ ಮಾತು ಹೊರಬಂತು. ಮನೆಯಲ್ಲಿ ಕೂತು ಹೆಂಡತಿಯ ಮುಖವನ್ನು ಎಷ್ಟು ಹೊತ್ತು ನೋಡುತ್ತೀರಿ ಎಂದೂ ಅವರು ಕೇಳಿದ್ದರು. 90 ಗಂಟೆಯೆಂದರೆ ಭಾನುವಾರವನ್ನೂ ಸೇರಿಸಿ ದಿನಕ್ಕೆ ಸುಮಾರು 13 ಗಂಟೆ. ಸತಿಪತಿಗಳ ಒಂದಾದ ಬಾಳನ್ನೇ ಭಕ್ತಿಯೆಂದು ಕಂಡ ಪರಂಪರೆ ನಮ್ಮದು. ಗಂಡಹೆಂಡತಿ ಜೊತೆಗೆ ಕೂರುವುದು ದಂಡವೆಂಬ ಮಾತನ್ನು ನಾವು ಸುಮ್ಮನೆ ಕೇಳಿಸಿಕೊಂಡೆವು. ಆಗ ನಮ್ಮ ಎಷ್ಟು ವೇದಿಕೆಗಳಿಂದ ಪ್ರತಿಮಾತು ಬಂತು?

ಹೀಗೆ ದುಡಿದರೆ ಏನಾಗುತ್ತದೆ ಎಂಬುದು ಊಹೆಯ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ 2021ರಲ್ಲಿ ಒಂದು ಅಂದಾಜು ಪ್ರಕಟಿಸಿದವು. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿದ ಕಾರಣಕ್ಕೆ ಪಾರ್ಶ್ವವಾಯು ಮತ್ತು ಹೃದಯದ ಕಾಯಿಲೆಯಿಂದ 2016ನೇ ಇಸವಿಯೊಂದರಲ್ಲೇ ಜಗತ್ತಿನಲ್ಲಿ 7,45,000 ಜನ ಸತ್ತರು. ದೇಹವೇ ದೇಗುಲವೆಂದು ನಂಬಿದವರು ನಾವು. ಈ ದೇಗುಲ ಕುಸಿಯುವುದನ್ನು ದೇಶದ ಪ್ರಗತಿಯೆಂದು ಒಪ್ಪಿಕೊಳ್ಳೋಣವೇ?

ಇದು ಬೆಂಗಳೂರಿನ ಮಾತು, ನಮ್ಮ ಹಳ್ಳಿಗೇನು ಎನ್ನಬೇಡಿ. ನಗರದಲ್ಲಿ ಗಂಟೆಯ ರೂಪದಲ್ಲಿ ಬಂದದ್ದು ಹಳ್ಳಿಯಲ್ಲಿ ಕಂತಿನ ರೂಪದಲ್ಲಿ ಬಂದಿದೆ. ಒಂದು ಸಾಲದ ಕಂತು ಕಟ್ಟಲು ಇನ್ನೊಂದು ಸಾಲ, ಅದನ್ನು ತೀರಿಸಲು ಮತ್ತೊಂದು. ಕಂತು ತಪ್ಪಿದ ದಿನ ಓಣಿಯವರೆಲ್ಲ ನೋಡುವಂತೆ ವಸೂಲಿಗಾರ ಬಾಗಿಲಲ್ಲಿ ನಿಲ್ಲುತ್ತಾನೆ. ಕಿರುಕುಳ ತಾಳಲಾರದೆ ಜನ ಜೀವ ಕಳೆದುಕೊಂಡ ಸುದ್ದಿಗಳು ಸಾಲಾಗಿ ಬಂದ ಮೇಲೆ, 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದು ಬಲವಂತದ ವಸೂಲಿಗೆ 10 ವರ್ಷಗಳವರೆಗೆ ಸೆರೆವಾಸ, 5 ಲಕ್ಷ ರೂಪಾಯಿಯವರೆಗೆ ದಂಡ ಗೊತ್ತುಮಾಡಿತು. ಕಾನೂನು ವಸೂಲಿಗಾರನನ್ನು ತಡೆದೀತು. ಸಾಲಗಾರನ ಎದೆಯೊಳಗೆ ಕೂತ ನಾಚಿಕೆಯನ್ನು ಅದು ತಡೆಯಲಾರದು.

ಮನಸ್ಸಿನ ಕಾಯಿಲೆಗಳಿಗೆಲ್ಲ ಹಣವೇ ಕಾರಣವೆಂದು ನಾನು ಹೇಳುತ್ತಿಲ್ಲ. ಅದಕ್ಕೆ ದೇಹದ ಕಾರಣಗಳಿವೆ, ಮನೆತನದ ಕಾರಣಗಳಿವೆ; ಔಷಧಿಯೂ ಇದೆ. ಆದರೆ ಬಾಯಿ ಬಿಟ್ಟು ಹೇಳಿಕೊಳ್ಳದಂತೆ ಮಾಡುವುದು ನಾಚಿಕೆ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಜನ ಒಂದಲ್ಲ ಒಂದು ಮಾನಸಿಕ ತೊಂದರೆಯಲ್ಲಿದ್ದರು. ಅಂಥವರಲ್ಲಿ ಕಾಯಿಲೆಗೆ ತಕ್ಕಂತೆ ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಆಸ್ಪತ್ರೆ ದೂರವಿರುವುದು ಒಂದು ಕಾರಣ. ಗಳಿಕೆಯೇ ಯೋಗ್ಯತೆಯಾದಾಗ ಸೋತವನು ತಾನೇ ಅಯೋಗ್ಯನೆಂದು ನಂಬಿ ಬಾಯಿ ಮುಚ್ಚಿಕೊಳ್ಳುವುದು ಇನ್ನೊಂದು ಕಾರಣ. ಬೆಳೆ ಹೋದರೆ ಮಳೆಯನ್ನು ಬೈಯಬಹುದು. ಬದುಕೇ ಸೋತಿತು ಎನಿಸಿದಾಗ ಅವನು ಯಾರ ಮುಂದೆ ಹೇಳಿಕೊಳ್ಳಬೇಕು?

ಶರಣರು ಕೊಟ್ಟದ್ದು ಈ ಮೌಲ್ಯವನ್ನಲ್ಲ. ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆಲ್ಲ ಗೊತ್ತು. ಮಾರಯ್ಯ ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ. ಲಕ್ಕಮ್ಮ ಹಿಗ್ಗಲಿಲ್ಲ, ಈ ಹೆಚ್ಚಿನ ಆಸೆ ಎಲ್ಲಿಂದ ಬಂತೆಂದು ಕೇಳಿ, ತಂದಲ್ಲಿಗೇ ಹಿಂದಕ್ಕೆ ಸುರಿದು ಬರಲು ಹೇಳಿದಳು. ನಾವು ಈ ಕಥೆಯನ್ನು ಪುರಾಣದಲ್ಲಿ ಹೇಳಿ ತಲೆದೂಗಿ, ಮನೆಗೆ ಹೋಗಿ ಮಗನಿಗೆ ಪಕ್ಕದ ಮನೆಯವನ ಪ್ಯಾಕೇಜಿನ ಲೆಕ್ಕ ಒಪ್ಪಿಸುತ್ತೇವೆ. ಲಕ್ಕಮ್ಮ ಕಲಿಸಿದ್ದು ಸಾಕು ಎನ್ನುವುದನ್ನು. ಇಂದಿನ ಅರ್ಥವ್ಯವಸ್ಥೆಗೆ ಆ ಒಂದು ಪದವೇ ಅಪಥ್ಯ.

ಇಲ್ಲಿ ಯಾರಾದರೂ ನುಲಿಯ ಚಂದಯ್ಯನನ್ನು ಮುಂದೆ ತರಬಹುದು. ಹುಲ್ಲು ಕೊಯ್ಯುವಾಗ ಇಷ್ಟಲಿಂಗ ಜಾರಿ ಬಿದ್ದರೂ ಚಂದಯ್ಯ ಕಾಯಕ ನಿಲ್ಲಿಸಲಿಲ್ಲವಲ್ಲ, ಹಾಗಿದ್ದರೆ ನಿಮಗೇಕೆ ಭಾನುವಾರ ಎನ್ನಬಹುದು. ಸ್ವಾಮಿ, ಚಂದಯ್ಯ ಹೊಸೆದ ಹಗ್ಗ ಚಂದಯ್ಯನದು. ಅವನ ತಲೆಯ ಮೇಲೆ ಗಡಿಯಾರ ಹಿಡಿದು ನಿಂತ ಯಜಮಾನನಿರಲಿಲ್ಲ. ಆ ದುಡಿಮೆಯ ಫಲ ದಾಸೋಹಕ್ಕೆ ಹೋಯಿತೇ ಹೊರತು ಕಾಣದ ಒಬ್ಬ ಷೇರುದಾರನ ಲಾಭಕ್ಕೆ ಹೋಗಲಿಲ್ಲ. ಸ್ವಂತ ಇಚ್ಛೆ, ತಕ್ಕ ಪ್ರತಿಫಲ, ದಾಸೋಹ, ಈ ಮೂರೂ ಕೂಡಿದ್ದು ಕಾಯಕ. ಮೂರನ್ನೂ ತೆಗೆದುಬಿಟ್ಟರೆ ಉಳಿಯುವುದು ಜೀತ. ಅದಕ್ಕೆ ಸಂಬಳದ ಚೀಟಿ ಅಂಟಿಸಿದ ಮಾತ್ರಕ್ಕೆ ಹೆಸರು ಬದಲಾಗುವುದಿಲ್ಲ.

ಹೊರಗಿನವರನ್ನಷ್ಟೇ ಬೈದು ನಿಲ್ಲಿಸುವುದು ಸುಲಭ. ನಮ್ಮ ಅಂಗಳವನ್ನೂ ನೋಡಿಕೊಳ್ಳೋಣ. ಫಲಿತಾಂಶ ಬಂದ ಮರುದಿನ ಮಠಗಳ ವಿದ್ಯಾಸಂಸ್ಥೆಗಳ ಮುಂದೆ ಏಳುವ ಫ್ಲೆಕ್ಸ್‌ಗಳಲ್ಲಿ ಯಾರ ಮುಖಗಳಿರುತ್ತವೆ? ರ‍್ಯಾಂಕ್ ಬಂದವರವು. ಅದೇ ಪ್ರಸಾದ ನಿಲಯದಲ್ಲಿ ಉಂಡು ಅನುತ್ತೀರ್ಣನಾದ ಹುಡುಗ ಆ ಫ್ಲೆಕ್ಸಿನ ಕೆಳಗೇ ನಡೆದು ಹೋಗಬೇಕು. ಉತ್ಸವದ ದಿನ ಮುಂದಿನ ಸಾಲಿನ ಕುರ್ಚಿ ಯಾರಿಗೆ? ದೊಡ್ಡ ದೇಣಿಗೆ ಕೊಟ್ಟವರಿಗೆ. ಅಂದು ಬೆಳಗಿನಿಂದ ರೊಟ್ಟಿ ಬಡಿದ ತಾಯಂದಿರು ಎಲ್ಲಿ ಕೂತಿರುತ್ತಾರೆ? ಮದುವೆಗೆ ಹೊಲ ಅಡವಿಡುವುದನ್ನು ಕಂಡೂ ಅಲ್ಲಿಗೆ ಹೋಗಿ ಆಶೀರ್ವದಿಸಿ ಬರುವುದು ಸರಿಯೇ? ಪೂಜ್ಯರು ಕೋಪಿಸಿಕೊಳ್ಳಬಾರದು. ಮಾರುಕಟ್ಟೆಯ ತಕ್ಕಡಿ ಮಠದ ಪಡಸಾಲೆಗೂ ಬಂದಿದೆ. ಅದನ್ನು ಇಲ್ಲಿಂದ ಹೊರಗಿಡದೆ ಲೋಕಕ್ಕೆ ಬುದ್ಧಿ ಹೇಳಲು ನಮಗೆ ಬಾಯಿಲ್ಲ.

ಆದ್ದರಿಂದ ಕೆಲವು ಕೆಲಸಗಳನ್ನು ಕೇಳುತ್ತೇನೆ. ರ‍್ಯಾಂಕಿನ ಫ್ಲೆಕ್ಸ್‌ಗಳನ್ನು ಇಳಿಸಿ. ಸೋತ ಮಗುವನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ. ದೇಣಿಗೆಗೆ ರಸೀದಿ ಕೊಡಿ, ಸಿಂಹಾಸನ ಕೊಡಬೇಡಿ. ಸಾಲ ಮಾಡಿ ನಡೆಸುವ ಆಡಂಬರದ ಮದುವೆಗೆ ಹೋಗುವುದಿಲ್ಲವೆಂದು ಸ್ವಾಮಿಗಳು ಬಹಿರಂಗವಾಗಿ ಹೇಳಲಿ. ಹಲವು ಮಠಗಳು ನಡೆಸುತ್ತಿರುವ ಸಾಮೂಹಿಕ ಕಲ್ಯಾಣಕ್ಕೆ ಉಳ್ಳವರ ಮಕ್ಕಳೂ ಬರಲಿ. ಮಠದ ಸಂಸ್ಥೆಗಳಲ್ಲಿ ದುಡಿಯುವ ಶಿಕ್ಷಕರಿಗೆ, ಅಡುಗೆಯವರಿಗೆ ತಕ್ಕ ಸಂಬಳ, ವಾರದ ರಜೆ ಮೊದಲು ಸಿಗಲಿ.

ಎಲ್ಲಕ್ಕಿಂತ ಮುಖ್ಯವಾಗಿ, ಅನುಭವ ಮಂಟಪವನ್ನು ಬರೀ ಕಟ್ಟಡವಾಗಿಸದೆ ನಿಜವಾಗಿ ನಡೆಸೋಣ. ಅಲ್ಲಿ ಹಗ್ಗ ಹೊಸೆಯುವವನೂ ಅಕ್ಕಿ ಆಯುವವಳೂ ತಮ್ಮ ಒಳಗಿನದನ್ನು ಎಲ್ಲರೆದುರು ಹೇಳಿಕೊಂಡರು, ಉಳಿದವರು ಕಿವಿಗೊಟ್ಟರು. ವಾರಕ್ಕೊಂದು ಸಂಜೆ ಪ್ರತಿ ಮಠದಲ್ಲಿ ಉಪದೇಶವಿಲ್ಲದ, ಬರೀ ಕೇಳಿಸಿಕೊಳ್ಳುವ ಗೋಷ್ಠಿ ನಡೆಯಲಿ. ಸಾಲದಲ್ಲಿ ಬಿದ್ದವನು, ಕೆಲಸ ಕಳೆದುಕೊಂಡವಳು, ನಿದ್ದೆ ಬಾರದವರು ಬಂದು ಮಾತಾಡಲಿ. ಮಾತಿನಿಂದ ತೀರದ ನೋವಿಗೆ ವೈದ್ಯರು ಬೇಕು. ವಿಭೂತಿ, ಪ್ರಸಾದದಲ್ಲೇ ಎಲ್ಲ ವಾಸಿಯಾಗುತ್ತದೆಂದು ಯಾರನ್ನೂ ತಡೆದು ನಿಲ್ಲಿಸಬಾರದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 2022ರಿಂದ ಇದೆ. 14416ಕ್ಕೆ ಕರೆ ಮಾಡಿದರೆ ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ದಾಸೋಹ ಮನೆಯ ಗೋಡೆಯ ಮೇಲೆ ಆ ಸಂಖ್ಯೆಯನ್ನು ದೊಡ್ಡದಾಗಿ ಬರೆಸಿ. ಅದಕ್ಕೆ ಯಾರ ಅಪ್ಪಣೆಯೂ ಬೇಡ, ಹೆಚ್ಚು ಖರ್ಚೂ ಇಲ್ಲ. ಈ ಸಂಚಿಕೆ ಕೈಗೆ ಬಂದ ವಾರದಲ್ಲೇ ಆಗಬಹುದಾದ ಕೆಲಸವದು.